0.3 ಮಿ.ಮೀ. ಕಾಲುವೆಯಲ್ಲಿ ನೀರು ಕುದಿಸೋದು: ಚಿಪ್ ಕೂಲಿಂಗ್ ರಿಗ್ ಕಟ್ಟುವವರಿಗೆ

ಜನವರಿ ಬಂತೆಂದರೆ ಒಂದಿಬ್ಬರು ಬಿ.ಇ. ಹುಡುಗರು ಪೀಣ್ಯದ ನಮ್ಮ ಶೆಡ್ಡಿಗೆ ಬಂದೇ ಬರುತ್ತಾರೆ. "ಸಾರ್, ಪ್ರಾಜೆಕ್ಟಿಗೆ ಮೈಕ್ರೋಚಾನೆಲ್ ಕೂಲಿಂಗ್ ತಗೊಂಡಿದೀವಿ, ಟೂ-ಫೇಸ್." ಅಂದರೆ ಬಿಸಿಯಾಗುವ ಚಿಪ್ ಮೇಲೆ ಸಣ್ಣ ಸಣ್ಣ ಕಾಲುವೆಗಳಲ್ಲಿ ನೀರು ಹರಿಸಿ, ಅದನ್ನು ಅಲ್ಲೇ ಕುದಿಸಿ ಚಿಪ್ ತಂಪು ಮಾಡುವುದು. ಕೈಯಲ್ಲಿ ಒಂದು ಚಂದದ ಡ್ರಾಯಿಂಗ್ ಇರುತ್ತದೆ. ಕಾಲುವೆ 100 ಮೈಕ್ರಾನ್ (0.1 ಮಿ.ಮೀ.), ಶಾಖ ಚದರ ಸೆಂಟಿಮೀಟರಿಗೆ 500 ವ್ಯಾಟ್, ಎಲ್ಲಾ ಭರ್ಜರಿ. ಪಂಪ್ ಯಾವುದಪ್ಪಾ, ಪ್ರೆಶರ್ ಎಲ್ಲಿ ಅಳೀತೀರಿ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರಿಗೆ ಪ್ರತಿ ಸಲ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನೀರು ಕುದಿಸುವುದು ಕಷ್ಟವಲ್ಲ. ಕುದಿದ ಮೇಲೆ ಅದು ನೀವು ಹೇಳಿದ ದಿಕ್ಕಿಗೇ ಹೋಗುವಂತೆ ನೋಡಿಕೊಳ್ಳುವುದಿದೆಯಲ್ಲ, ಕಷ್ಟ ಅದು. ರಿಗ್‌ನ, ಅಂದರೆ ಈ ಪ್ರಯೋಗದ ಜೋಡಣೆಯ, ಮುಕ್ಕಾಲು ಕೆಲಸ ಅಲ್ಲೇ ಇದೆ.

ಮೊದಲು ಪೆನ್ನು, ಪೇಪರು

ರಿಗ್‌ನಲ್ಲಿ ನಿಜವಾದ ಚಿಪ್ ಬದಲು ಹೀಟರ್ ಹಾಕಿದ ತಾಮ್ರದ ಬ್ಲಾಕನ್ನು ತಂಪು ಮಾಡುತ್ತೇವೆ. ಆ ತಾಮ್ರ ತರುವ ಮುಂಚೆ ಲೆಕ್ಕ ಹಾಕಿ. ನಾವು ತೆಗೆದುಕೊಂಡದ್ದು 1 ಸೆ.ಮೀ. ಉದ್ದ, 1 ಸೆ.ಮೀ. ಅಗಲದ ಜಾಗ, ಅದರಿಂದ 100 ವ್ಯಾಟ್ ಹೊರಗೆ ಹೋಗಬೇಕು. 100 ವ್ಯಾಟ್ ಅಂದರೆ ಒಂದು ಹಳೇ ಬಲ್ಬು, ಅಷ್ಟೇನಾ ಅನ್ನಿಸಬಹುದು. ಆದರೆ 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರ್ ಇರುತ್ತದೆ. ಅಂದರೆ ಅಲ್ಲಿ ಚದರ ಸೆಂಟಿಮೀಟರಿಗೆ ಬರೀ 5 ವ್ಯಾಟ್. ನಮ್ಮದು ಅದರ 20 ಪಟ್ಟು.

ನೀರನ್ನು ಸುಮ್ನೆ ಬಿಸಿಯಾಗಲು ಬಿಟ್ಟರೆ, 1 ಗ್ರಾಂ ನೀರು 1 ಡಿಗ್ರಿ ಏರಲು 4.2 ಜೂಲ್ ಹೀರುತ್ತದೆ. ಅದೇ 1 ಗ್ರಾಂ ಆವಿಯಾಗಲು ಸುಮಾರು 2,260 ಜೂಲ್ ಹೀರುತ್ತದೆ. ಕುದಿಸದೆ, ನೀರು 10 ಡಿಗ್ರಿಗಿಂತ ಹೆಚ್ಚು ಏರಬಾರದು ಅಂದುಕೊಂಡರೆ 100 ವ್ಯಾಟ್‌ಗೆ ನಿಮಿಷಕ್ಕೆ ಸುಮಾರು 143 ಮಿ.ಲೀ. ಓಡಿಸಬೇಕು. ಕುದಿಸುವುದಾದರೆ ಹೀಗೆ: ನೀರು 85 ಡಿಗ್ರಿಯಲ್ಲಿ ಒಳಗೆ ಬರಲಿ, ಹೊರಗೆ ಹೋಗುವಾಗ ತೂಕದ ಹತ್ತರಲ್ಲಿ ಒಂದು ಪಾಲು ಆವಿಯಾಗಿರಲಿ. ಆಗ ಪ್ರತಿ ಗ್ರಾಂಗೆ ಸುಮಾರು 276 ಜೂಲ್ ಸಿಗುತ್ತದೆ, ಸೆಕೆಂಡಿಗೆ 0.36 ಗ್ರಾಂ ಸಾಕು, ಅಂದರೆ ನಿಮಿಷಕ್ಕೆ 22 ಮಿ.ಲೀ. ಆಸುಪಾಸು. ಸಣ್ಣ ಪಂಪು ಸಾಕಾಗುತ್ತದೆ. ಇನ್ನೊಂದು ಲಾಭವೂ ಇದೆ. ಕುದಿಯುವಾಗ ನೀರಿನ ಬಿಸಿ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುವುದರಿಂದ ಚಿಪ್‌ನ ಒಂದು ತುದಿ ತಣ್ಣಗೆ, ಇನ್ನೊಂದು ತುದಿ ಬಿಸಿ ಆಗುವ ತಾಪತ್ರಯ ಕಡಿಮೆ.

ಹಾಗಂತ ಕುದಿಸದೆ ಆಗುವುದೇ ಇಲ್ಲ ಅಂತ ತಿಳಿಯಬೇಡಿ. 1981ರಲ್ಲಿ ಸ್ಟ್ಯಾನ್‌ಫರ್ಡ್‌ನ ಟಕರ್‌ಮನ್ ಮತ್ತು ಪೀಸ್ ಸಿಲಿಕಾನಿನಲ್ಲಿ 50 ಮೈಕ್ರಾನ್ ಅಗಲದ ಕಾಲುವೆ ಕೊರೆದು, ನೀರನ್ನು ಕುದಿಸದೆಯೇ ಚದರ ಸೆಂಟಿಮೀಟರಿಗೆ 790 ವ್ಯಾಟ್ ತೆಗೆದು ತೋರಿಸಿದ್ದರು. ಈ ಕ್ಷೇತ್ರ ಶುರುವಾದದ್ದೇ ಅಲ್ಲಿಂದ. ನಿಮ್ಮ ಕೆಲಸ ಅಷ್ಟರಲ್ಲೇ ಮುಗಿಯುವುದಾದರೆ ಕುದಿಸುವ ಗೋಜಿಗೆ ಹೋಗಬೇಡಿ, ನಿಜವಾಗಿ ಹೇಳ್ತಿದ್ದೇನೆ. ದೊಡ್ಡ ಪಂಪ್ ಹಾಕಿ, ರಾತ್ರಿ ನಿದ್ದೆ ಮಾಡಿ.

ಈಗ ಲೆಕ್ಕದ ಎರಡನೇ ಭಾಗ, ಹೆದರಿಸುವ ಭಾಗ. ನೀರು ಆವಿಯಾದರೆ 1,600 ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ತೂಕದಲ್ಲಿ ಹತ್ತರಲ್ಲಿ ಒಂದೇ ಪಾಲು ಆವಿ ಇದ್ದರೂ, ಎರಡೂ ಒಂದೇ ವೇಗದಲ್ಲಿ ಹೋಗುತ್ತಿವೆ ಅಂದುಕೊಂಡರೆ ಜಾಗದ ಲೆಕ್ಕದಲ್ಲಿ ಶೇ. 99ಕ್ಕಿಂತ ಹೆಚ್ಚು ಆವಿಯೇ. ನಮ್ಮ ಕಾಲುವೆಗಳಿಗೆ ನೀರು ಬರುವುದು ಸೆಕೆಂಡಿಗೆ 8 ಸೆ.ಮೀ. ವೇಗದಲ್ಲಿ, ಇರುವೆ ಸಾಲಿನಷ್ಟು ನಿಧಾನ. ಆಚೆ ತುದಿಯಲ್ಲಿ ಹೊರಬೀಳುವ ಆವಿಯದು ಸೆಕೆಂಡಿಗೆ 15 ಮೀಟರ್. ಗಂಟೆಗೆ 54 ಕಿ.ಮೀ. ಆಯಿತು, ಸಿಲ್ಕ್ ಬೋರ್ಡ್ ಕಡೆ ಆ ವೇಗ ಕಂಡವರಿಲ್ಲ. 1 ಸೆ.ಮೀ. ಉದ್ದದೊಳಗೆ ಇಷ್ಟೆಲ್ಲ ನಡೆಯುವಾಗ ಆವಿ ಮುಂದಕ್ಕೇ ಹೋಗಬೇಕು ಅಂತ ಏನು ಕಾನೂನಿದೆ? ಹಿಂದಕ್ಕೂ ನುಗ್ಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ತಾಮ್ರದ ಬ್ಲಾಕು

ಕೆಳಗೆ 40 ಮಿ.ಮೀ. ಚೌಕದ ಬುಡ, ಅದರ ಮೇಲೆ 10 ಮಿ.ಮೀ. ಚೌಕದ, 20 ಮಿ.ಮೀ. ಎತ್ತರದ ಕುತ್ತಿಗೆ. ಬುಡದಲ್ಲಿ ಕಡ್ಡಿಯಂಥ ನಾಲ್ಕು ಕಾರ್ಟ್ರಿಜ್ ಹೀಟರ್, ಒಂದೊಂದು 100 ವ್ಯಾಟ್. ಕುತ್ತಿಗೆಯ ತಲೆಯ ಮೇಲೆ 16 ಕಾಲುವೆ. ಅಗಲ 0.3, ಆಳ 0.9, ನಡುವಿನ ಗೋಡೆ 0.3 ಮಿ.ಮೀ. ಕಾಲುವೆಯ ಗಾತ್ರಕ್ಕೆ ಈ ಕ್ಷೇತ್ರದ ಸಂಶೋಧಕ ಕಾಂಡ್ಲಿಕರ್ ಅವರು ಮಾಡಿದ ವಿಂಗಡಣೆ ಪ್ರಕಾರ 200 ಮೈಕ್ರಾನ್ ದಾಟಿದರೆ ಅದು ಮಿನಿಚಾನೆಲ್, ಮೈಕ್ರೋ ಅಲ್ಲ. ವೈವಾದಲ್ಲಿ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಒಪ್ಪಿಕೊಳ್ಳಿ. ನೀರಿನ ಗುಳ್ಳೆಗೆ ಕೆಲವು ಮಿಲಿಮೀಟರ್ ದಾರಿಯೇ ಇಕ್ಕಟ್ಟು, ಹಾಗಾಗಿ ಇಲ್ಲಿ ನಡೆಯುವ ಆಟ ಅದೇ ಜಾತಿಯದು.

0.3 ಯಾಕೆ ಅಂದರೆ ತಂತಿಯ ಕಿಡಿಯಿಂದ ಲೋಹ ಸೀಳುವ ವೈರ್‌ಕಟ್ ಮಿಷಿನ್ನಿನ ಹಿತ್ತಾಳೆ ತಂತಿ ಸಾಮಾನ್ಯವಾಗಿ 0.25 ಮಿ.ಮೀ. ಕಿಡಿಯ ಅಂತರವೂ ಸೇರಿದರೆ ಒಂದೇ ಓಟಕ್ಕೆ ಸುಮಾರು 0.3ರ ಸೀಳು ಬೀಳುತ್ತದೆ. ಡ್ರಾಯಿಂಗ್‌ನಲ್ಲಿ 0.1 ಬರೆದರೆ ಪೀಣ್ಯದಲ್ಲಿ ಹತ್ತು ಶೆಡ್ ಅಲೆಯಬೇಕಾಗುತ್ತದೆ. ನನಗೆ ಕೆಲಸ ಮಾಡಿಕೊಟ್ಟ ಅಣ್ಣ ಡ್ರಾಯಿಂಗ್ ನೋಡಿ, "ಸಾರ್, 0.3 ಮಾಡ್ಕೊಳ್ಳಿ, ಸಾಯಂಕಾಲ ತಗೊಂಡು ಹೋಗಿ. 0.2 ಅಂದ್ರೆ ನೀವೂ ಬೇಜಾರು, ನಾನೂ ಬೇಜಾರು" ಅಂದಿದ್ದರು. ಸರಿಯಾದ ಎಂಜಿನಿಯರಿಂಗ್ ಸಲಹೆ ಅಂದರೆ ಅದು. ನಿಜಕ್ಕೂ 100 ಮೈಕ್ರಾನ್ ಒಳಗೇ ಬೇಕು ಅನ್ನುವವರು ಸಿಲಿಕಾನಿಗೆ ಹೋಗಬೇಕು, ಕ್ಲೀನ್ ರೂಮ್ ಬೇಕು. ನಮ್ಮೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಅಂಥ ಸೌಲಭ್ಯ ಇದೆ, ಆದರೆ ಅದು ಬೇರೆಯದೇ ಕಥೆ.

ವೈರ್‌ಕಟ್‌ನಿಂದ ಬಂದ ಬ್ಲಾಕಿನ ಸೀಳುಗಳಲ್ಲಿ ಕಪ್ಪು ಪದರ ಇರುತ್ತದೆ. ತೆಳು ಸಿಟ್ರಿಕ್ ಆಸಿಡ್‌ನಲ್ಲಿ ತೊಳೆದು, ಅಲ್ಟ್ರಾಸಾನಿಕ್ ಕ್ಲೀನರಿನಲ್ಲಿ ಹತ್ತು ನಿಮಿಷ ಇಡಿ. ಮಿಷಿನ್ ಇಲ್ಲದಿದ್ದರೆ ಪರಿಚಯದ ಕನ್ನಡಕದಂಗಡಿಯಲ್ಲಿ ಕೇಳಿ, ಅವರ ಹತ್ತಿರ ಇರುತ್ತದೆ.

ಕುತ್ತಿಗೆಯ ಪಕ್ಕದಿಂದ 1 ಮಿ.ಮೀ. ತೂತು ಮೂರು, ಕಾಲುವೆಯ ತಳದಿಂದ 3, 8 ಮತ್ತು 13 ಮಿ.ಮೀ. ಕೆಳಗೆ. ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಕೂರುವುದು ಇಲ್ಲಿ. ಹೀಟರಿಗೆ ಕೊಟ್ಟ ವೋಲ್ಟು, ಆಂಪ್ ಗುಣಿಸಿ ಅದೇ ಶಾಖ ಅಂತ ಬರೆದುಬಿಡಬೇಡಿ, ಅದರಲ್ಲಿ ಒಂದಷ್ಟು ಪಕ್ಕಕ್ಕೆ ಸೋರಿ ಹೋಗುತ್ತದೆ. ಕುತ್ತಿಗೆಯಲ್ಲಿ ಬಿಸಿ ಹೇಗೆ ಇಳಿಯುತ್ತಿದೆ ಅನ್ನುವುದೇ ನಿಜವಾದ ಸಾಕ್ಷಿ. 100 ವ್ಯಾಟ್ ಸರಿಯಾಗಿ ಮೇಲೆ ಹೋಗುತ್ತಿದ್ದರೆ 5 ಮಿ.ಮೀ. ಅಂತರಕ್ಕೆ ಸುಮಾರು 13 ಡಿಗ್ರಿ ವ್ಯತ್ಯಾಸ ಕಾಣಬೇಕು. ಮೇಲಿನ ಜೋಡಿಯಲ್ಲಿ 13, ಕೆಳಗಿನ ಜೋಡಿಯಲ್ಲಿ 19 ಬಂತೋ, ಯಾವುದೋ ಒಂದು ಥರ್ಮೋಕಪಲ್ ತೂತಿನ ತಳ ಮುಟ್ಟಿಲ್ಲ. ಅಂದಹಾಗೆ ಕೆ-ಟೈಪ್ ಬೇಡ, ಟಿ-ಟೈಪ್ ತನ್ನಿ. ಕೆ-ಟೈಪ್ ಸಾಮಾನ್ಯ ದರ್ಜೆಯಲ್ಲಿ 2.2 ಡಿಗ್ರಿ ಆಚೀಚೆ ಇರಬಹುದು, ಟಿ-ಟೈಪ್ 1 ಡಿಗ್ರಿ. ಎಲ್ಲವನ್ನೂ ಒಂದು ಕಟ್ಟು ಕಟ್ಟಿ ಒಮ್ಮೆ ಐಸ್ ನೀರಲ್ಲಿ, ಒಮ್ಮೆ ಬಿಸಿ ನೀರಲ್ಲಿ ಮುಳುಗಿಸಿ, ಒಂದಕ್ಕೊಂದು ಎಷ್ಟು ತಪ್ಪಿವೆ ಅಂತ ಬರೆದುಕೊಳ್ಳಿ.

ಮೇಲಿನ ಮುಚ್ಚಳ ಪಾರದರ್ಶಕವಾಗಿರಲಿ. ಅಕ್ರಿಲಿಕ್ ಅಗ್ಗಕ್ಕೆ ಸಿಗುತ್ತದೆ, ತರಬೇಡಿ, 100 ಡಿಗ್ರಿ ದಾಟುತ್ತಿದ್ದಂತೆ ಮೆತ್ತಗಾಗುತ್ತದೆ. ಪಾಲಿಕಾರ್ಬೊನೇಟ್ ಸರಿ, ದುಡ್ಡಿದ್ದರೆ ಬೊರೊಸಿಲಿಕೇಟ್ ಗಾಜು. ಮುಚ್ಚಳ ಎಲ್ಲಾ ಗೋಡೆಗಳ ತಲೆಯ ಮೇಲೂ ಸಮವಾಗಿ ಕೂರಬೇಕು, ಇಲ್ಲದಿದ್ದರೆ ನೀರು ಒಂದು ಕಾಲುವೆಯಿಂದ ಪಕ್ಕದ್ದಕ್ಕೆ ಗೋಡೆ ಹಾರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಲೂಪು

ಟ್ಯಾಂಕು, ಪಂಪು, ಫಿಲ್ಟರು, ಪ್ರೀಹೀಟರು, ನೀಡಲ್ ವಾಲ್ವು, ಬ್ಲಾಕು, ಕಂಡೆನ್ಸರು, ಮತ್ತೆ ಟ್ಯಾಂಕು. ಟ್ಯಾಂಕ್ ಪಂಪಿಗಿಂತ ಮೇಲಿರಲಿ, ನೀರು ತಣ್ಣಗಾಗಿಯೇ ಪಂಪಿಗೆ ಬರಲಿ. ಬಿಸಿ ನೀರು ಎಳೆದರೆ ಪಂಪಿನೊಳಗೇ ಗುಳ್ಳೆ ಏಳುತ್ತದೆ. ಕಂಡೆನ್ಸರಿಗೆ ತಾಮ್ರದ ಸುರುಳಿ, ಒಂದು ಬಕೆಟ್, ತಣ್ಣೀರು ಸಾಕು. ಪಂಪ್ ಮಾತ್ರ ಗೇರ್ ಪಂಪ್ ಇರಲಿ. ಪೈಪನ್ನು ಹಿಂಡಿ ನೀರು ತಳ್ಳುವ ಪೆರಿಸ್ಟಾಲ್ಟಿಕ್ ಪಂಪ್ ಕುಲುಕಿ ಕುಲುಕಿ ಕಳಿಸುತ್ತದೆ, ಆಮೇಲೆ ಪ್ರೆಶರ್ ಏರಿಳಿದದ್ದು ಪಂಪಿನಿಂದಲೋ ಕುದಿತದಿಂದಲೋ ಅಂತ ತಲೆ ಕೆಡಿಸಿಕೊಳ್ಳುತ್ತೀರಿ.

ನೀರು ಯಾವುದು? ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಮನೆಯ ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಗೊತ್ತು, ಸುಣ್ಣ ಹೇಗೆ ಕಟ್ಟಿಕೊಂಡಿರುತ್ತದೆ ಅಂತ. 0.3 ಮಿ.ಮೀ. ಸೀಳಿಗೆ ಅದು ಎರಡೇ ದಿನದ ಮಾತು. ಡಿಸ್ಟಿಲ್ಡ್ ವಾಟರ್ ಬಳಸಿ. ಲೂಪಿಗೆ ಹಾಕುವ ಮುಂಚೆ ಮುಕ್ಕಾಲು ಗಂಟೆ ಚೆನ್ನಾಗಿ ಕುದಿಸಿ, ಕರಗಿದ ಗಾಳಿ ಹೊರಗೆ ಹೋಗಲಿ. ಈ ಕೆಲಸ ತಪ್ಪಿಸಿದರೆ ಬ್ಲಾಕ್ ಇನ್ನೂ 65-70 ಡಿಗ್ರಿ ಇರುವಾಗಲೇ ಗುಳ್ಳೆ ಕಾಣುತ್ತದೆ. ಹುಡುಗರು ಖುಷಿಯಿಂದ ಫೋಟೋ ತೆಗೆಯುತ್ತಾರೆ. ಅದು ಕುದಿತ ಅಲ್ಲ, ಗಾಳಿ.

ಸೇಫ್ಟಿ ಬಗ್ಗೆ ಒಂದೇ ಮಾತು ಹೇಳ್ತೀನಿ, ನನ್ನ ತಲೆಗೇ ಬಡಿದದ್ದು. ನಮ್ಮ ಮೊದಲ ರಿಗ್‌ನಲ್ಲಿ ಪಂಪಿಗೆ ಒಂದು ಅಡಾಪ್ಟರ್, ಹೀಟರಿಗೆ ಡಿಮ್ಮರ್‌ಸ್ಟ್ಯಾಟ್‌ನಿಂದ (ವೋಲ್ಟೇಜ್ ಏರಿಸಿ ಇಳಿಸುವ ಪೆಟ್ಟಿಗೆ) ಬೇರೆ ಲೈನು. ಒಂದು ದಿನ ಟೀ ಕುಡಿಯಲು ಹೋದಾಗ ಅಡಾಪ್ಟರ್ ಸತ್ತಿತು, ಹೀಟರ್ ಉರಿಯುತ್ತಲೇ ಇತ್ತು. ವಾಪಸ್ ಬಂದಾಗ ಕುತ್ತಿಗೆ 200 ಡಿಗ್ರಿ ದಾಟಿತ್ತು, ಪಾಲಿಕಾರ್ಬೊನೇಟ್ ಮುಚ್ಚಳ ಕರಿದ ಹಪ್ಪಳದ ಹಾಗೆ ಉಬ್ಬಿತ್ತು. ಅವತ್ತಿನಿಂದ ಕಾಲುವೆ ಹತ್ತಿರದ ಥರ್ಮೋಕಪಲ್ 140 ಡಿಗ್ರಿ ಮುಟ್ಟಿದರೆ ಹೀಟರ್ ಲೈನ್ ಬೀಳುವಂತೆ ಕಂಟ್ರೋಲರಿನ ಅಲಾರ್ಮ್ ರಿಲೇಗೆ ಒಂದು ಕಾಂಟ್ಯಾಕ್ಟರ್ (ಲೈನ್ ಕಡಿಯುವ ದೊಡ್ಡ ಸ್ವಿಚ್ಚು) ಕೊಟ್ಟಿದ್ದೇವೆ. ಎಸ್ಎಸ್ಆರ್ (ಎಲೆಕ್ಟ್ರಾನಿಕ್ ರಿಲೇ) ಒಂದನ್ನೇ ನಂಬಬೇಡಿ. ಅದು ಕೆಟ್ಟಾಗ ಎಷ್ಟೋ ಸಲ ಶಾರ್ಟ್ ಆಗಿ ಆನ್ ಆಗಿಯೇ ಉಳಿಯುತ್ತದೆ.

ಹಿಂದಕ್ಕೆ ನುಗ್ಗುವ ಆವಿ

ಈಗ ಮುಖ್ಯ ವಿಷಯ. 16 ಕಾಲುವೆಗಳಿಗೂ ಒಂದೇ ಬಾಗಿಲು, ಒಂದೇ ಹಿತ್ತಿಲು. ಒಂದು ಕಾಲುವೆಯಲ್ಲಿ ಗುಳ್ಳೆ ಹುಟ್ಟಿತು ಅಂದುಕೊಳ್ಳಿ. ಇಕ್ಕಟ್ಟಿನಲ್ಲಿ ಅದು ದುಂಡಗೆ ಬೆಳೆಯಲಾರದು, ಉದ್ದಕ್ಕೆ ಬೆಳೆಯುತ್ತದೆ, ಎರಡೂ ಕಡೆಗೆ. ಆ ಕಾಲುವೆಯಲ್ಲಿ ನೀರು ಹೋಗುವುದು ಕಷ್ಟವಾಗುತ್ತದೆ. ನೀರಿಗೇನು, ಪಕ್ಕದಲ್ಲಿ ಇನ್ನೂ 15 ದಾರಿ ಇವೆ, ಅಲ್ಲಿಗೆ ತಿರುಗುತ್ತದೆ. ನೀರು ಕಡಿಮೆಯಾದ ಕಾಲುವೆ ಇನ್ನಷ್ಟು ಕುದಿಯುತ್ತದೆ, ಇನ್ನಷ್ಟು ನೀರು ತಪ್ಪಿಸಿಕೊಳ್ಳುತ್ತದೆ, ಕೊನೆಗೆ ಒಣಗುತ್ತದೆ. ಪಂಪಿನ ಮೀಟರ್ ಮಾತ್ರ ನಿಮಿಷಕ್ಕೆ 22 ಮಿ.ಲೀ. ಅಂತ ಸ್ವಲ್ಪವೂ ಅಲ್ಲಾಡದೆ ತೋರಿಸುತ್ತಿರುತ್ತದೆ!

ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬಂದವರಿಗೆ ಮದ್ದು ಆಗಲೇ ಗೊತ್ತಿದೆ, ಅವರ ತೋಟದಲ್ಲೇ ಇದೆ. ಡ್ರಿಪ್ ಪೈಪಿನಲ್ಲಿ ಬರೀ ದೊಡ್ಡ ತೂತು ಹೊಡೆದರೆ ಮೊದಲ ನಾಲ್ಕು ಗಿಡ ನೀರು ಕುಡಿಯುತ್ತವೆ, ಕೊನೆಯವು ಒಣಗುತ್ತವೆ. ಅದಕ್ಕೇ ಪ್ರತಿ ಗಿಡಕ್ಕೂ ಡ್ರಿಪ್ಪರ್ ಹಾಕುವುದು. ಡ್ರಿಪ್ಪರ್ ದಾಟಲು ನೀರು ಪಡುವ ಕಷ್ಟ ಪೈಪಿನೊಳಗಿನ ಕಷ್ಟಕ್ಕಿಂತ ಎಷ್ಟೋ ಜಾಸ್ತಿ, ಹಾಗಾಗಿ ಪೈಪಿನಲ್ಲಿ ಎಲ್ಲಿದ್ದರೂ ಎಲ್ಲ ಗಿಡಕ್ಕೂ ಹೆಚ್ಚುಕಡಿಮೆ ಸಮ ಪಾಲು. ಇಲ್ಲೂ ಅಷ್ಟೇ. ಪ್ರತಿ ಕಾಲುವೆಯ ಬಾಯಿಯನ್ನೂ ಕಿರಿದು ಮಾಡಿ. ಆಗ ಒಳಗೆ ಗುಳ್ಳೆ ಏನೇ ಗಲಾಟೆ ಮಾಡಿದರೂ ಒಟ್ಟು ತಡೆಯಲ್ಲಿ ಅದು ಸಣ್ಣ ಪಾಲು, ನೀರಿಗೆ ಪಕ್ಕದ ದಾರಿ ಅಷ್ಟೇನೂ ಸುಲಭವಾಗಿ ಕಾಣುವುದಿಲ್ಲ, ಆವಿಗೂ ಹಿಂದೆ ಬರಲು ಬಾಗಿಲು ಇಕ್ಕಟ್ಟು. ನಾವು ಮಾಡಿದ್ದು ಒಂದು ತೆಳು ಸ್ಟೀಲ್ ಪಟ್ಟಿ, ಅದರಲ್ಲಿ ಲೇಸರಿನಿಂದ 16 ಸಣ್ಣ ತೂತು, ಒಂದೊಂದು ತೂತೂ ಒಂದೊಂದು ಕಾಲುವೆಯ ಬಾಯಿಗೆ ಸರಿಯಾಗಿ. ಕೂರಿಸಲು ಎರಡು ದಿನ, ನಾಲ್ಕು ಬೈಗುಳ ಬೇಕಾಯಿತು.

ಇದು ಬಡವರ ಉಪಾಯ ಅಂದುಕೊಳ್ಳಬೇಡಿ. ಯುರೋಪಿನ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಎಲ್ಎಚ್‌ಸಿಬಿ ಪ್ರಯೋಗದಲ್ಲಿ 2022ರಲ್ಲಿ ಕೂರಿಸಿದ ವೆಲೋ ಡಿಟೆಕ್ಟರಿನಲ್ಲಿ ಸಿಲಿಕಾನ್ ಕಾಲುವೆಗಳೊಳಗೆ ಕಾರ್ಬನ್ ಡೈಆಕ್ಸೈಡ್ ಕುದಿಸಿ ತಂಪು ಮಾಡುತ್ತಾರೆ. ಅಲ್ಲೂ ಕಾಲುವೆ ಒಂದು ಕಡೆ 120, ಇನ್ನೊಂದು ಕಡೆ 200 ಮೈಕ್ರಾನ್ ಇದ್ದರೆ, ಅದರ ಬಾಯಿ ಬರೀ 60 ಮೈಕ್ರಾನ್.

ನೀಡಲ್ ವಾಲ್ವಿನ ಕೆಲಸ ಬೇರೆ, ಇಡೀ ಲೂಪಿನ ಏರಿಳಿತ ತಡೆಯುವುದು. ವಾಲ್ವಿಗೂ ಬ್ಲಾಕಿಗೂ ನಡುವೆ ಮೆತ್ತನೆ ಸಿಲಿಕೋನ್ ಪೈಪ್ ಇದ್ದರೆ, ಅಥವಾ ಎಲ್ಲೋ ಮೂಲೆಯಲ್ಲಿ ಗಾಳಿಗುಳ್ಳೆ ಕೂತಿದ್ದರೆ, ಅದು ಸ್ಪ್ರಿಂಗ್ ತರಹ ಹಿಗ್ಗಿ ಕುಗ್ಗಿ ಇಡೀ ಲೂಪನ್ನು ಉಸಿರಾಡಿಸುತ್ತದೆ. ಬ್ಲಾಕಿನ ಬಿಸಿ ನಿಧಾನಕ್ಕೆ ಮೇಲೆ ಕೆಳಗೆ, ಮೇಲೆ ಕೆಳಗೆ. ವಾಲ್ವನ್ನು ಬ್ಲಾಕಿಗೆ ಆದಷ್ಟು ಹತ್ತಿರ ತಂದು, ನಡುವೆ ಗಟ್ಟಿ ತಾಮ್ರದ ಟ್ಯೂಬ್ ಹಾಕಿ.

ಕಣ್ಣಲ್ಲಿ ನೋಡಬೇಕಾ? ದುಬಾರಿ ಹೈಸ್ಪೀಡ್ ಕ್ಯಾಮೆರಾ ಇಲ್ಲದಿದ್ದರೂ ಪರವಾಗಿಲ್ಲ. ಈಗಿನ ಎಷ್ಟೋ ಫೋನುಗಳಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋಮೋಶನ್ ಇದೆ. ಬೆಳಕಿಗೆ ಟ್ಯೂಬ್‌ಲೈಟ್ ನಂಬಬೇಡಿ, ವಿಡಿಯೋ ಮಿಣುಕುತ್ತದೆ. ಬ್ಯಾಟರಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಪಟ್ಟಿ ಹಾಕುವ ಮುಂಚೆ ತೆಗೆದ ನಮ್ಮ ವಿಡಿಯೋದಲ್ಲಿ ಆರನೇ ಕಾಲುವೆಯ ಉದ್ದ ಗುಳ್ಳೆ ಹಾವಿನಂತೆ ಹಿಂದಕ್ಕೆ ಸರಿದು, ಬಾಗಿಲಿಗೆ ಬಂದು, ಪಕ್ಕದ ಏಳನೇ ಕಾಲುವೆಗೆ ತಲೆ ಹಾಕುವುದು ಸ್ಪಷ್ಟವಾಗಿ ಕಾಣುತ್ತದೆ. ಹತ್ತು ಪೇಪರ್ ಓದಿದಾಗ ಅರ್ಥವಾಗದ್ದು ಆ ನಾಲ್ಕು ಸೆಕೆಂಡಿನಲ್ಲಿ ಅರ್ಥವಾಯಿತು.

ರೀಡಿಂಗ್ ತಗೊಳ್ಳುವುದು

ಮೊದಲು ಕುದಿಸದೆ ಓಡಿಸಿ. ಹೀಟರ್ ಕಡಿಮೆ, ನೀರು ಜಾಸ್ತಿ. ನೀರು ಹೊತ್ತು ಹೋದ ಶಾಖವೂ ಕುತ್ತಿಗೆಯ ಲೆಕ್ಕವೂ ಒಂದಕ್ಕೊಂದು ತಾಳೆಯಾಗಬೇಕು. ಇದು ಕೂಡಿಬರದೆ ಮುಂದಕ್ಕೆ ಹೋಗಬೇಡಿ.

ಆಮೇಲೆ ನೀರಿನ ಹರಿವು ಸ್ಥಿರವಾಗಿಟ್ಟು ಶಾಖವನ್ನು 10 ವ್ಯಾಟಿನಂತೆ ಏರಿಸಿ, ಪ್ರತಿ ಮೆಟ್ಟಿಲಲ್ಲೂ ಹದಿನೈದು ನಿಮಿಷ ಕಾಯಿರಿ. ಕುದಿತ ಶುರುವಾಗುವಾಗ ಒಂದು ತಮಾಷೆ ನಡೆಯುತ್ತದೆ. ಗೋಡೆ ಕುದಿಬಿಂದು ದಾಟಿ ಹೋದರೂ ಏನೂ ಆಗುವುದಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ಎಲ್ಲಾ ಒಟ್ಟಿಗೆ ಕುದಿದು ಬಿಸಿ ದಪ್ಪನೆ ಕೆಳಗಿಳಿಯುತ್ತದೆ. ಗಾಬರಿ ಬೇಡ. ಅಲ್ಲಿಂದ ಮುಂದೆ ಬಿಡಿ ಗುಳ್ಳೆ, ನಂತರ ಕಾಲುವೆ ತುಂಬುವ ಉದ್ದ ಗುಳ್ಳೆ, ಕೊನೆಗೆ ಗೋಡೆಗೆ ಅಂಟಿದ ತೆಳು ನೀರಿನ ಪದರ, ನಡುವೆ ಆವಿ ಓಡುತ್ತಿರುತ್ತದೆ. ಆ ಪದರ ಇರುವವರೆಗೆ ನೀವು ಕ್ಷೇಮ. ಅದು ಹರಿದರೆ ಗೋಡೆ ಒಣಗಿತು. ಕಾದು ಕೆಂಡವಾದ ದೋಸೆ ಕಾವಲಿಗೆ ಚಿಮುಕಿಸಿದ ನೀರು ಚುಂಯ್ ಅನ್ನದೆ ಮುತ್ತಿನಂತೆ ಓಡಾಡುತ್ತದಲ್ಲ, ಅದೂ ಇದೇ ಕುಲದ್ದು, ಲೋಹಕ್ಕೆ ನೀರು ತಾಗುವುದೇ ಇಲ್ಲ. ಗುರುತು ಸುಲಭ: ಶಾಖ ಏರಿಸಿಲ್ಲ, ಆದರೂ ಗೋಡೆಯ ಬಿಸಿ ಏರುತ್ತಲೇ ಇದೆ, ನಿಲ್ಲುತ್ತಿಲ್ಲ. ತಕ್ಷಣ ಹೀಟರ್ ಆಫ್. ಇನ್ನೂ ಒಂದು ರೀಡಿಂಗ್ ಸಿಗತ್ತೆ ಅನ್ನುವ ಆಸೆ ಬೇಡ.

ಈಗ ಬೆಂಗಳೂರಿನವರೇ ಎಡವುವ ಜಾಗ. ನಾವು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು, ಪುಸ್ತಕದ 101 ಅಲ್ಲ. ನೀರು ಕುದಿಯುವುದು 97 ಡಿಗ್ರಿಗೆ. ಬ್ಲಾಕಿನ ಗೇಜು 8 ತೋರಿಸಿದರೆ ನಿಜವಾದ ಒತ್ತಡ 99, ಕುದಿಬಿಂದು 99.4. ನಾನು ಅಭ್ಯಾಸಬಲದಿಂದ 101 ಕೂಡಿಸಿದ್ದೆ, ಕುದಿಬಿಂದು 102 ಬಂತು. ಮೂರು ಡಿಗ್ರಿಯಲ್ಲಿ ಏನಿದೆ ಅಂತೀರಾ? ಕಾಲುವೆಗಳ ಒಳಮೈ ಒಟ್ಟು 3.36 ಚದರ ಸೆಂಟಿಮೀಟರ್, ಗೋಡೆಯ ತುದಿ ಬುಡಕ್ಕಿಂತ ತಣ್ಣಗಿರುತ್ತದೆ ಅನ್ನುವುದನ್ನು ಕಳೆದರೆ ಸುಮಾರು 3. ಅಂದರೆ ಗೋಡೆಯಿಂದ ಚದರ ಸೆಂಟಿಮೀಟರಿಗೆ 33 ವ್ಯಾಟ್. ಗೋಡೆ ಕುದಿಬಿಂದುವಿಗಿಂತ ಬರೀ 11 ಡಿಗ್ರಿ ಮೇಲಿತ್ತು. ಶಾಖ ದಾಟಿಸುವ ಗುಣಾಂಕ ಚದರ ಮೀಟರಿಗೆ, ಡಿಗ್ರಿಗೆ 30 ಸಾವಿರ ವ್ಯಾಟ್ ಆಗಬೇಕು. ನನ್ನ ತಪ್ಪು ಲೆಕ್ಕದಲ್ಲಿ ಆ 11 ಡಿಗ್ರಿ 8 ಆಯಿತು, ಗುಣಾಂಕ 40 ಸಾವಿರ! ಎರಡು ವಾರ ಎಲ್ಲರಿಗೂ ಹೇಳಿಕೊಂಡು ಬೀಗಿದೆ. ಕೊನೆಗೆ ಬೇರೆ ಊರಿನ ಗೆಳೆಯನೊಬ್ಬ ಫೋನಿನಲ್ಲಿ, "ನಿಮ್ಮೂರಲ್ಲಿ ಅನ್ನ ಎಷ್ಟು ಡಿಗ್ರಿಗೆ ಬೇಯುತ್ತಪ್ಪಾ?" ಅಂತ ಕೇಳಿದ. ಅಲ್ಲಿಗೆ ಮುಗೀತು. ಒಂದು ಬ್ಯಾರೋಮೀಟರ್ ಇಟ್ಟುಕೊಳ್ಳಿ, ಕೆಲವು ಫೋನುಗಳಲ್ಲೂ ಇರುತ್ತದೆ. ದಿನಾ ಬೆಳಿಗ್ಗೆ ರೀಡಿಂಗ್ ಪುಸ್ತಕದ ಮೊದಲ ಸಾಲಿನಲ್ಲಿ ಅದನ್ನು ಬರೆಯಿರಿ.

ನೀರಿನಲ್ಲಿ ಎಲ್ಲಾ ಸರಿಬಂದ ಮೇಲೆ ಬೇರೆ ದ್ರವ ನೋಡಬಹುದು. ನಿಜವಾದ ಬೋರ್ಡಿಗೆ ನೀರು ಸೋರಿದರೆ ಕಥೆ ಮುಗಿಯಿತು, ಅದಕ್ಕೇ ಕರೆಂಟ್ ಹರಿಯದ ದ್ರವಗಳು. ಎಚ್ಎಫ್ಇ-7100 61 ಡಿಗ್ರಿಗೇ ಕುದಿಯುತ್ತದೆ, ಚಿಪ್‌ಗೆ ಅನುಕೂಲ. ಆದರೆ ಗ್ರಾಂಗೆ 112 ಜೂಲ್ ಮಾತ್ರ ಹೀರುತ್ತದೆ, ನೀರಿನ ಇಪ್ಪತ್ತರಲ್ಲಿ ಒಂದು ಪಾಲು. ಹಳೇ ಪೇಪರುಗಳಲ್ಲಿ ಕಾಣುವ ಇಂಥ ದ್ರವಗಳಲ್ಲಿ ಬಹಳಷ್ಟು 3ಎಂ ಕಂಪನಿಯವು. ಅವರು ಆ ಬಗೆಯ ರಾಸಾಯನಿಕ ತಯಾರಿಸುವುದನ್ನು 2025ರ ಕೊನೆಯೊಳಗೆ ನಿಲ್ಲಿಸುವುದಾಗಿ 2022ರಲ್ಲೇ ಹೇಳಿದ್ದರು, ಹಾಗಾಗಿ ಪ್ರಾಜೆಕ್ಟ್ ಬರೆಯುವ ಮುಂಚೆ ಏನು ಸಿಗುತ್ತದೆ ಅಂತ ವಿಚಾರಿಸಿ. ಫ್ರಿಜ್‌ನಲ್ಲಿ ಬಳಸುವಂಥ ಆರ್-134ಎ ಬೇಕೆಂದರೆ 25 ಡಿಗ್ರಿಯಲ್ಲೇ 6.6 ಬಾರ್ ಒತ್ತಡ, ಪಾಲಿಕಾರ್ಬೊನೇಟ್ ಮುಚ್ಚಳ ಮರೆತುಬಿಡಿ.

ಸಾಯಂಕಾಲ ಮುಚ್ಚುವಾಗ ಹೀಟರ್ ಮೊದಲು ಆಫ್, ಪಂಪ್ ಕೊನೆಗೆ. ಬ್ಲಾಕ್ 50 ಡಿಗ್ರಿಗೆ ಇಳಿದ ಮೇಲೆ ನೀರು ಬಸಿದು ಗಾಳಿ ಊದಿ ಒಣಗಿಸಿ. ಮೊದಲ ವಾರ ಪ್ರತಿ ದಿನ ಫಿಲ್ಟರ್ ಬಿಚ್ಚಿ ನೋಡಿ. ನಮ್ಮದರಲ್ಲಿ ತಾಮ್ರದ ಚೂರು ಸಿಗಬಹುದು ಅಂದುಕೊಂಡಿದ್ದೆವು. ಸಿಕ್ಕಿದ್ದು ಜಾಯಿಂಟುಗಳಿಗೆ ನಾವೇ ಸುತ್ತಿದ ಟೆಫ್ಲಾನ್ ಟೇಪಿನ ಬಿಳಿ ಎಳೆಗಳು.